ಏನು ಮಾಡ್ಕೊಂಡಿದಾನೆ?



ದಾವಣಗೆರೆ ಜಿಲ್ಲೆಯ ನಮ್ಮ ನಂದಿಗುಡಿಯಿಂದ ತುಂಗಭದ್ರೆ ದೂರವಿಲ್ಲ. ಹೊಳೆ ದಾಟಿದರೆ ಹಾವೇರಿ ಜಿಲ್ಲೆ. ಇವತ್ತು ಅದು ಬರೀ ಜಿಲ್ಲೆಯ ಗಡಿ. 1956ರ ನವೆಂಬರ್ 1ಕ್ಕಿಂತ ಮುಂಚೆ ಹಾಗಿರಲಿಲ್ಲ. ಈ ದಡ ಮೈಸೂರು, ಆ ದಡ ಮುಂಬಯಿ. ಹರಿಹರ ದಾಟಿ ಹರಪನಹಳ್ಳಿ ದಿಕ್ಕಿಗೆ ಹೋದರೆ ಮದರಾಸು. ಆ ಸೀಮೆ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರಿನಲ್ಲಿ. ಒಂದು ದಿನದ ಗಾಡಿ ಪ್ರಯಾಣದೊಳಗೆ ಮೂರು ಸರ್ಕಾರ, ಮೂರು ಬಗೆಯ ಕಚೇರಿ, ಮೂರು ಬಗೆಯ ನೌಕರರು. ಜನ ಮಾತ್ರ ಒಂದೇ ಕನ್ನಡದವರು, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದವರು.

ಊರಿನ ಲೆಕ್ಕ ಬರೆಯುವ ಮನುಷ್ಯನನ್ನೇ ತಗೊಳ್ಳಿ. ಯಾರ ಹೊಲ ಎಷ್ಟು ಎಕರೆ, ಕಂದಾಯ ಎಷ್ಟು, ಬಾಕಿ ಎಷ್ಟು ಅಂತ ಕಡತದಲ್ಲಿ ಬರೆದಿಡುವವನು. ಈ ದಡದಲ್ಲಿ ಅವನು ಶಾನುಭೋಗ. ಆ ದಡದಲ್ಲಿ ಕುಲಕರ್ಣಿ, ಆಮೇಲೆ ತಲಾಟಿ. ಹರಪನಹಳ್ಳಿ ಕಡೆ ಕರಣಂ. ಇನ್ನೂ ಬಡಗಲಿಗೆ ನಿಜಾಮನ ಸೀಮೆಗೆ ಹೋದರೆ ಪಟವಾರಿ. ತಾಲ್ಲೂಕಿನ ಯಜಮಾನಿಕೆಯೂ ಹೀಗೆಯೇ: ನಮ್ಮಲ್ಲಿ ಅಮಲ್ದಾರ, ಅಲ್ಲಿ ಮಾಮಲೇದಾರ, ಮದರಾಸಿನ ಕಡೆ ತಹಶೀಲ್ದಾರ. ನಮ್ಮಲ್ಲಿ ಹೋಬಳಿಗೊಬ್ಬ ಶೇಕದಾರ ಇದ್ದ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತವನು ಇಲ್ಲಿ ಜವಾನ, ಅಲ್ಲಿ ಸಿಪಾಯಿ. ಇಲ್ಲಿ ಬರೆಯುವವನು ಗುಮಾಸ್ತ, ಅಲ್ಲಿ ಕಾರಕೂನ. ತಿಂಗಳ ಕೊನೆಗೆ ಕೈಗೆ ಬರುವುದು ಇಲ್ಲಿ ಸಂಬಳ, ಅಲ್ಲಿ ಪಗಾರ. ರಾಣೆಬೆನ್ನೂರಿನ ಬೀಗರು ಬಂದು "ಪಗಾರ ಎಷ್ಟ್ರೀ?" ಅಂದರೆ ಈಗಲೂ ಅದು ಹೊಳೆಯಾಚೆಯ ಮಾತು ಅಂತ ನಮ್ಮ ಕಿವಿಗೆ ಗೊತ್ತಾಗುತ್ತೆ.

ಕಚೇರಿ, ನೌಕರಿ, ಸಂಬಳ ಇವುಗಳ ಮಾತನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ ಅಂತ ಬಂದಿದ್ದೇನೆ. ಪದಗಳ ಹುಟ್ಟು ಹೇಳಿ ನಿಮ್ಮನ್ನು ಮೆಚ್ಚಿಸುವ ಆಸೆ ನನಗಿಲ್ಲ. ಯಾರ ದುಡಿಮೆಯನ್ನು ನಾವು 'ಕೆಲಸ' ಅನ್ನುತ್ತೇವೆ, ಯಾರದನ್ನು ಅನ್ನುವುದಿಲ್ಲ ಅನ್ನುವುದು ನನ್ನ ಮಾತಿನ ಗುರಿ. ಅಲ್ಲಿಗೆ ಹೋಗಬೇಕಾದರೆ ಮೊದಲು ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಆ ಮೆಟ್ಟಿಲು ಶುರುವಾಗುವುದು ಹರಿಹರದ ಗುಡಿಯಿಂದ. ಹರಿಹರೇಶ್ವರ ದೇವಾಲಯ ಕಟ್ಟಿಸಿದ ಪೊಲಾಳ್ವನನ್ನು ಜನ ದೊಡ್ಡ ದಾನಿ ಅಂತ ನೆನೆಯುತ್ತಾರೆ. ಅವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ. ಅಂದರೆ ಇವತ್ತಿನ ಮಾತಲ್ಲಿ ಸರ್ಕಾರಿ ಸೇವೆಯಲ್ಲಿದ್ದವನು. 1224ರಲ್ಲಿ ಆ ಗುಡಿ ಎದ್ದಿತು. ಆ ಕಾಲದ ಕನ್ನಡ ಶಾಸನಗಳನ್ನು ಓದುತ್ತ ಹೋದರೆ ಹುದ್ದೆಗಳ ಸಾಲೇ ಸಿಗುತ್ತದೆ: ಸಂಧಿವಿಗ್ರಹಿ, ಶ್ರೀಕರಣ, ಸುಂಕದ ಹೆಗ್ಗಡೆ, ಸೇನಬೋವ, ಗಾವುಂಡ, ತಳಾರ. ಈ ಸೇನಬೋವನೇ ಸವೆದು ಶಾನುಭೋಗನಾದ, ಗಾವುಂಡ ಗೌಡನಾದ, ತಳಾರ ತಳವಾರನಾದ. ಶ್ರೀಕರಣದ ಬಾಲ ಹಿಡಿದೇ ಕರಣಿಕ, ಕರಣಂ ಬಂದವು. ಕಲ್ಯಾಣದ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗುವ ಮೊದಲು ಮಂಗಳವೇಡೆಯಲ್ಲಿ ಕರಣಿಕರಾಗಿದ್ದರು ಅನ್ನುವುದನ್ನು ನಾವು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಲೆಕ್ಕ ಬರೆಯುತ್ತ ಕೂತವರು ಅವರು. ಕಾಯಕ ಅನ್ನುವ ಮಾತಿಗೆ ಅಷ್ಟು ತೂಕ ಬಂದದ್ದು ಕಚೇರಿಯ ಒಳಹೊರಗು ಬಲ್ಲವರಿಂದ.

ಬಸವಣ್ಣನವರ ಕಾಲದ ಶರಣರ ಹೆಸರುಗಳನ್ನೇ ನೋಡಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ದೋಣಿ ಹುಟ್ಟು ಹಾಕುವವನು, ಬಟ್ಟೆ ಒಗೆಯುವವನು, ಹಗ್ಗ ಹೊಸೆಯುವವನು, ಚೆಲ್ಲಿದ ಅಕ್ಕಿ ಆಯುವವನು. ಹೊಳೆಗುಂಟ ಕೆಳಗೆ ಹೋದರೆ ಚೌಡಯ್ಯದಾನಪುರ ಸಿಗುತ್ತೆ, ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಹುದ್ದೆ ಹೆಸರಿಗೆ ಮುಂಚೆ ಬಂದು ಕೂತಿದೆ, ಅದೂ ಮುಚ್ಚಿಡುವ ಸಂಗತಿಯಾಗಿ ಅಲ್ಲ, ಬಿರುದಾಗಿ. ಆ ಪದ್ಧತಿ ಪೂರ್ತಿ ಸತ್ತಿಲ್ಲ. ಕಂಡಕ್ಟರ್ ಮನೆ, ಪೋಸ್ಟ್ ಮಾಸ್ಟ್ರ ಮನೆ, ಮೇಷ್ಟ್ರ ಮನೆ ಅಂತ ಈಗಲೂ ಓಣಿಯಲ್ಲಿ ದಾರಿ ತೋರಿಸುತ್ತೇವೆ. ಆದರೆ ಗಮನಿಸಿ, ಈ ಮೂವರೂ ತಿಂಗಳ ಸಂಬಳದವರು. ಕಳೆ ಕೀಳುವವರ ಮನೆ ಅಂತ ಯಾರೂ ದಾರಿ ತೋರಿಸುವುದಿಲ್ಲ.

ಶಾಸನದ ಕನ್ನಡದ ಮೇಲೆ ಪಾರಸಿ, ಅರಬ್ಬಿ, ಮರಾಠಿ ಬಂದು ಕೂತವು. ಬಹಮನಿ, ಆದಿಲಶಾಹಿ, ಮರಾಠರು, ಹೈದರ್, ಟಿಪ್ಪು, ಎಲ್ಲರ ಕಚೇರಿಯ ಮಾತೂ ನಮ್ಮ ನಾಲಗೆಯಲ್ಲಿ ಉಳಿದಿದೆ. ಇವುಗಳನ್ನು ಹೊರಗಿನವು ಅಂತ ದೂರುವವರಿದ್ದಾರೆ. ಬಳ್ಳದಿಂದ ಅಳೆದು ತೆಗೆದರೂ ಇವು ತೀರುವುದಿಲ್ಲ: ಕಚೇರಿ, ದಫ್ತರು, ಹಾಜರಿ, ಗೈರುಹಾಜರಿ, ರಜೆ, ಬಡ್ತಿ, ವಜಾ, ರಾಜೀನಾಮೆ, ಕಾಯಂ, ಹಂಗಾಮಿ. ಇವನ್ನು ತೆಗೆದರೆ ಒಂದು ರಜಾಚೀಟಿ ಬರೆಯಲಿಕ್ಕೂ ಆಗದು.

ಇವುಗಳ ಒಳಗೆ ತಮಾಷೆಯೂ ಇದೆ. ಜವಾನ ಅಂದರೆ ಪಾರಸಿಯಲ್ಲಿ ಯುವಕ. ನಮ್ಮ ಕಚೇರಿಗಳಲ್ಲಿ ಅರುವತ್ತು ತುಂಬಿ ನಿವೃತ್ತನಾಗುವ ದಿನ ಹಾರ ಹಾಕಿಸಿಕೊಳ್ಳುವಾಗಲೂ ಅವನು ಯುವಕನೇ. ಗುಮಾಸ್ತ ಅಂದರೆ ನೇಮಿಸಲ್ಪಟ್ಟವನು, ಅಷ್ಟೇ. ದಫ್ತರಿನ ಬೇರು ಗ್ರೀಕರ ತನಕ ಹೋಗುತ್ತದೆ, ಅಲ್ಲಿ ಅದರ ಅರ್ಥ ಹದ ಮಾಡಿದ ತೊಗಲು. ಬರೆಯುವುದಕ್ಕೆ ತೊಗಲು ಬಳಸುತ್ತಿದ್ದ ಕಾಲದ್ದು. ನೌಕರ ಪಾರಸಿಯಿಂದ ಬಂತು, ಪಾರಸಿಗೆ ಮಂಗೋಲರಿಂದ ಬಂತು. ಅಲ್ಲಿ ನೋಕೋರ್ ಅಂದರೆ ದಂಡಿನ ನಾಯಕನ ಜೊತೆ ಕುದುರೆ ಏರಿ ನಿಂತ ಸಂಗಾತಿ. ಸಂಗಾತಿಯಾಗಿದ್ದವನು ನಮ್ಮವರೆಗೆ ಬರುವ ಹೊತ್ತಿಗೆ ಆಳಾಗಿದ್ದ. ಅಮಾನತು ಅಂದರೆ ಮೂಲದಲ್ಲಿ ನಂಬಿಕೆಯಿಂದ ಇಟ್ಟ ಒತ್ತೆ. ನಮ್ಮಲ್ಲಿ ನಂಬಿಕೆ ಕಳಕೊಂಡವನನ್ನೇ ಅಮಾನತಿನಲ್ಲಿಡುತ್ತಾರೆ!

ಪಗಾರ ಪೋರ್ಚುಗೀಸರ ಪದ, ಗೋವಾದಿಂದ ಮರಾಠಿಗೆ, ಅಲ್ಲಿಂದ ಹೊಳೆಯ ಆ ದಡಕ್ಕೆ ಬಂತು. ಮೇಸ್ತ್ರಿಯೂ ಅವರದೇ. ಆದರೆ ನಮ್ಮ ದಡದ ಸಂಬಳಕ್ಕೆ ಸಂಸ್ಕೃತದ ಶಂಬಲ ಮೂಲ ಅನ್ನುತ್ತಾರೆ. ಅದರ ಅರ್ಥ ದಾರಿಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಳ್ಳುವ ಅನ್ನ. ಕೆಲಸ ಮಾಡಿದವನಿಗೆ ಕೊಡುತ್ತಿದ್ದದ್ದು ಮೊದಲು ಊಟ, ಆಮೇಲೆ ಕಾಸು.

ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ದೂರ ಕರಕೊಂಡು ಹೋಗುತ್ತೇನೆ, ಹಾಂಕಾಂಗಿಗೆ. ಅಲ್ಲಿಯ ಜನ ಆಡುವುದು ಕ್ಯಾಂಟನೀಸ್. ದಕ್ಷಿಣ ಚೀನಾದ ಮಾತು. ಗಗನಚುಂಬಿ ಕಟ್ಟಡಗಳಲ್ಲಿ ಲಕ್ಷಾಂತರ ಮಂದಿ ಕುರ್ಚಿಯ ಕೆಲಸ ಮಾಡುವ ಊರಿನ ಮಾತು. ಅಲ್ಲಿ ತಿಂಗಳ ಸಂಬಳ ಬಂತು ಅನ್ನಲು 'ಛೋಟ್ ಲ್ಯೋಂಗ್' ಅನ್ನುತ್ತಾರೆ. ಬಿಡಿಸಿದರೆ 'ಕಾಳು ಹೊರಗೆ ಬಂತು'. ಬ್ಯಾಂಕಿನ ಖಾತೆಗೆ ಜಮೆಯಾಗುವ ದುಡ್ಡಿಗೂ ಅವರು ಕಾಳು ಅನ್ನುವುದನ್ನು ಬಿಟ್ಟಿಲ್ಲ. ಹೊಟ್ಟೆಪಾಡಿಗೆ ದುಡಿಯುವುದು 'ವನ್ ಸಿಕ್', ಅಂದರೆ ಊಟ ಹುಡುಕುವುದು. ಸಂಬಳಕ್ಕೆ ದುಡಿಯುವವನು ಯಾವ ಹುದ್ದೆಯವನಾದರೂ 'ದಾ ಗುಂಗ್ ಜಾಯ್', ದುಡಿಯುವ ಹುಡುಗ. ಗುಮಾಸ್ತನೂ ಅದೇ, ಮ್ಯಾನೇಜರನೂ ತನ್ನ ಬಗ್ಗೆ ಹಾಗೇ ಅಂದುಕೊಳ್ಳುತ್ತಾನೆ. ಮೇಲಿನ ಧಣಿ 'ಲೋ ಸೈ'. ಕೆಲಸದಿಂದ ತೆಗೆದರೆ 'ಛಾವ್ ಯಾವ್ ಯೂ', ಸ್ಕ್ವಿಡ್ ಅನ್ನುವ ಕಡಲ ಜೀವಿಯನ್ನು ಹುರಿದರು ಅಂತ. ಹುರಿದಾಗ ಅದರ ತುಂಡು ಚಾಪೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದಂತೆ. ಹಿಂದೆ ಅಂಗಡಿಯಲ್ಲೇ ಮಲಗುತ್ತಿದ್ದ ಆಳನ್ನು ಹೊರಗೆ ಹಾಕಿದರೆ ಅವನು ಮೊದಲು ಮಾಡುತ್ತಿದ್ದದ್ದು ಹಾಸಿಗೆ ಸುತ್ತುವುದು. ನಾವು ಗಂಟುಮೂಟೆ ಕಟ್ಟಿಸಿದರು ಅನ್ನುವುದಿಲ್ಲವೇ? ಸಾವಿರಾರು ಮೈಲಿ ದೂರದ ಎರಡು ನಾಡಿನ ಜನ ಕೆಲಸ ಕಳಕೊಂಡವನ ಹಾಸಿಗೆಯನ್ನೇ ಕಂಡಿದ್ದಾರೆ. 1976ರಲ್ಲಿ ಹಾಂಕಾಂಗಿನ ಹುಯಿ ಸೋದರರು ಒಂದು ನಗೆ ಸಿನಿಮಾ ಮಾಡಿದರು. ಅದರಲ್ಲಿ ಸ್ಯಾಮ್ ಹುಯಿ ಹಾಡಿದ, ಸಂಬಳಗಾರರ ಪಾಡಿನ ಹಾಡು ಆ ಊರಿನ ದುಡಿಯುವವರ ನಾಡಗೀತೆಯೇ ಆಗಿಹೋಯಿತು.

ಅವರ ಪದಗಳಲ್ಲಿ ನನಗೆ ಮೆಚ್ಚುಗೆಯಾಗಿದ್ದು ಒಂದು: ದುಡಿಯುವವನಿಗೆ ಒಂದೇ ಹೆಸರಿದೆ, ಮೇಲೆ ಕೆಳಗೆ ಇಲ್ಲ. ನಮ್ಮಲ್ಲಿ ಆ ಒಂದು ಹೆಸರಿಲ್ಲ. ನೌಕರ ಬೇರೆ, ಕಾರ್ಮಿಕ ಬೇರೆ, ಕೂಲಿ ಬೇರೆ, ಆಳು ಬೇರೆ. ನೌಕರನಿಗೆ ಸಂಬಳ, ಕೂಲಿಯವನಿಗೆ ಕೂಲಿ. ಒಂದೇ ಕಾರ್ಖಾನೆಯ ಗೇಟಿನೊಳಗೆ ಈ ಎಲ್ಲರೂ ಇರುತ್ತಾರೆ, ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ.

ಕಾಳಿನ ಸಂಬಳ ನಮ್ಮಲ್ಲಿ ಬರೀ ಮಾತಾಗಿ ಇರಲಿಲ್ಲ, ಕಣ್ಣೆದುರೇ ಇತ್ತು. ಊರಿಗೆ ಹನ್ನೆರಡು ಆಯಗಾರರು ಅನ್ನುತ್ತಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಅಗಸ, ಕುಂಬಾರ, ನಾಪಿತ, ಜೋಯಿಸ, ಅಕ್ಕಸಾಲಿ. ಪಟ್ಟಿ ಊರಿಂದೂರಿಗೆ ಕೊಂಚ ಬದಲು. ಆಚೆ ದಡದಲ್ಲಿ ಇದಕ್ಕೆ ಬಾರಾ ಬಲೂತಿ. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ತೂರಿದ ಮೇಲೆ ಮನೆಗೆ ಒಯ್ಯುವ ಮೊದಲು ಇವರೆಲ್ಲರ ಪಾಲು ತೆಗೆದಿಡಬೇಕು. ಆ ಪಾಲೇ ಆಯ. ಕೆಲವರಿಗೆ ಉಂಬಳಿ ಜಮೀನೂ ಇರುತ್ತಿತ್ತು. ಇದನ್ನು ಹಳ್ಳಿಯ ಸೊಗಸಾದ ಸಹಬಾಳ್ವೆ ಅಂತ ಹೊಗಳುವ ಬರಹಗಳನ್ನು ನೀವೂ ಓದಿರುತ್ತೀರಿ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಶಾನುಭೋಗನ ಪಾಲೂ ಆಯವೇ, ತೋಟಿಯ ಪಾಲೂ ಆಯವೇ. ಆದರೆ ಶಾನುಭೋಗ ಕಣಕ್ಕೆ ಬಂದರೆ ಕೂರಲು ಕಂಬಳಿ ಹಾಸುತ್ತಿದ್ದರು. ತೋಟಿ ಕಣದ ಹೊರಗೆ ನಿಂತು ಸೆರಗೊಡ್ಡಬೇಕಿತ್ತು. ಹುದ್ದೆ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು, ಜೊತೆಗೆ ನಿಲ್ಲುವ ಜಾಗವೂ ಹೋಗುತ್ತಿತ್ತು.

ಇದಕ್ಕೆ ಕಾನೂನಿನ ಕೊನೆ ಬಂದದ್ದು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಒಂದೇ ದಿನ ಶಾನುಭೋಗ, ಪಟೇಲ, ಕುಲಕರ್ಣಿ, ಕರಣಂ ಎಲ್ಲರ ವಂಶಪಾರಂಪರ್ಯದ ಹಕ್ಕು ಹೋಯಿತು. ಮರುವರ್ಷ ಭೂಕಂದಾಯ ಕಾಯ್ದೆ ಬಂತು. ಹೊಳೆಯ ಎರಡೂ ದಡಕ್ಕೆ ಒಂದೇ ತಹಶೀಲ್ದಾರ, ಒಂದೇ ಗ್ರಾಮ ಲೆಕ್ಕಿಗ. ಇತ್ತೀಚೆಗೆ ಗ್ರಾಮ ಲೆಕ್ಕಿಗರು ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದಾರೆ. ಆದರೆ ನಮ್ಮ ಹಿರಿಯರು ಈಗಲೂ "ಶಾನುಭೋಗರ ಹತ್ರ ಪಹಣಿ ತಗೊಂಡ್ ಬಾ" ಅನ್ನುವುದನ್ನು ಕೇಳಿದ್ದೇನೆ. ಪಹಣಿ ಬರುವುದು ಕಂಪ್ಯೂಟರಿನಿಂದ, ಕೊಡುವವಳು ಹೊರಗುತ್ತಿಗೆಯ ಹುಡುಗಿ, ಹೆಸರು ಮಾತ್ರ ಶಾನುಭೋಗರದು.

ಹುದ್ದೆ ಹೋದರೂ ಹೆಸರು ಮನೆತನಕ್ಕೆ ಅಂಟಿಕೊಂಡು ಉಳಿಯಿತು. ಕುಲಕರ್ಣಿ, ದೇಸಾಯಿ, ನಾಡಗೌಡ, ಪಾಟೀಲ, ಪಟೇಲ. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡಬೇಕೆಂದರೆ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ. ಎಚ್. ಪಟೇಲರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಸಮಾಜವಾದಿ. ಊರ ಪಟೇಲಿಕೆ ಕಾನೂನಿನಲ್ಲಿ ರದ್ದಾದ ಮೂರು ದಶಕದ ಮೇಲೆ ಪಟೇಲ ಅನ್ನುವ ಹೆಸರಿನವರು ಮುಖ್ಯಮಂತ್ರಿಯಾದರು, ಅವರ ಕಾಲದಲ್ಲೇ 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು.

ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು. ಅದಕ್ಕೂ ಮುಂಚಿನ ದಾವಣಗೆರೆಯ ಮಾತು ಬೇರೆಯೇ. ಅದು ಗಿರಣಿಯ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಗಿದ್ದ ಕಾಲದಲ್ಲಿ ಅಲ್ಲಿಯ ಮನೆಮನೆಯ ಪದಗಳು ಪಾಳಿ, ಹಾಜರಿ, ಬಟವಾಡೆ, ಬದಲಿ, ಕಾಯಂ. ಬದಲಿ ಅಂದರೆ ಕಾಯಂ ಆದವನು ಬರದ ದಿನ ಅವನ ಜಾಗಕ್ಕೆ ನಿಲ್ಲುವವನು. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು, ಕರೆದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಹಾಗಾಗಿ 'ಕಾಯಂ ಆಯ್ತು' ಅನ್ನುವ ಸುದ್ದಿಗೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಆ ಪದಕ್ಕಿದ್ದ ಸಿಹಿ ಇವತ್ತಿನ 'ಆಫರ್ ಲೆಟರ್'ಗೂ ಇಲ್ಲ.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಲೇತ್ ಯಂತ್ರ ತಯಾರಿಸುವ ಕಾರ್ಖಾನೆ. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಅಂತಲೇ ಹೆಸರಾಯಿತು. ಟರ್ನರ್, ಫಿಟ್ಟರ್, ಮೋಲ್ಡರ್, ಗ್ರೈಂಡರ್ ಅನ್ನುವ ಇಂಗ್ಲಿಷ್ ಪದಗಳು ಈ ಭಾಗದ ಕನ್ನಡವಾದದ್ದು ಅಲ್ಲಿಂದ. ಆ ಪದಗಳಲ್ಲಿ ಒಂದು ಗತ್ತಿತ್ತು. ಟರ್ನರ್ ಅಂದರೆ ಕೈಯಲ್ಲಿ ವಿದ್ಯೆ ಇದ್ದವನು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗದ ಹಾಗೆ ಕಬ್ಬಿಣ ಕಡೆಯುವವನು. ಅವನು ಗುಮಾಸ್ತನಿಗೆ ಸಲಾಮು ಹೊಡೆಯುತ್ತಿರಲಿಲ್ಲ. ಕೆಲಸದ ಮಾತಿಗೆ ಕುರ್ಚಿಯ ಹಂಗಿಲ್ಲದೆ ಮರ್ಯಾದೆ ಸಿಕ್ಕ ಕೆಲವೇ ಕಾಲಗಳಲ್ಲಿ ಅದೊಂದು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಈಗ ಅಂಥ ಗೇಟುಗಳಲ್ಲಿ ಕೇಳುವ ಮಾತು 'ಕಂಟ್ರಾಕ್ಟ್ ಮೇಲೆ ಇದಾನೆ'.

ಗುಮಾಸ್ತ ಅನ್ನುವ ಪದ ಸರ್ಕಾರಿ ಕಚೇರಿಯಿಂದ ಹೆಚ್ಚುಕಮ್ಮಿ ಹೊರಟುಹೋಗಿದೆ. ಅಲ್ಲಿ ಈಗ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಜನರ ಬಾಯಲ್ಲಿ ಎಫ್‌ಡಿಎ, ಎಸ್‌ಡಿಎ. ಜವಾನರು ಗ್ರೂಪ್ ಡಿ. ಗೆಜೆಟೆಡ್ ಅಂದರೆ ಪತ್ರಾಂಕಿತ. ಆದರೆ ದಾವಣಗೆರೆಯ ಎಪಿಎಂಸಿಗೆ ಹೋಗಿ, ಗುಮಾಸ್ತರು ಅಲ್ಲಿ ಗಟ್ಟಿಯಾಗಿದ್ದಾರೆ. ದಲಾಲಿ ಅಂಗಡಿಯ ಗಾದಿಯ ಮೇಲೆ ಸಾವ್ಕಾರ್ರು, ಪಕ್ಕದಲ್ಲಿ ಪುಸ್ತಕ ಹಿಡಿದ ಗುಮಾಸ್ತ, ಅಂಗಳದಲ್ಲಿ ಬೆನ್ನಿಗೆ ಚೀಲ ಏರಿಸುವ ಹಮಾಲರು. ಭತ್ತದ ಚೀಲದ ಬಾಯಿಗೆ ಕೈ ಹಾಕಿ ನಾಲ್ಕು ಕಾಳು ತೆಗೆದು ಹಲ್ಲಲ್ಲಿ ಕಚ್ಚಿ ತೇವ ಎಷ್ಟಿದೆ ಅಂತ ಹೇಳುವ ಹಮಾಲರನ್ನು ಕಂಡಿದ್ದೇನೆ. ಆ ತಿಳಿವಳಿಕೆಗೆ ನಮ್ಮಲ್ಲಿ ಹುದ್ದೆಯ ಹೆಸರಿಲ್ಲ, ದರ್ಜೆಯೂ ಇಲ್ಲ. ಹಮಾಲ ಅನ್ನುವ ಅರಬ್ಬಿ ಪದಕ್ಕೆ ಹೊರುವವನು ಅಂತಷ್ಟೇ ಅರ್ಥ.

ಹೆಸರು ಬದಲಿಸುವುದರಿಂದ ಒಳ್ಳೆಯದೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಝಾಡಮಾಲಿ ಹೋಗಿ ಪೌರಕಾರ್ಮಿಕ ಬಂದದ್ದು ಒಳ್ಳೆಯ ಕೆಲಸ. ಬರೀ ಪದವಲ್ಲ ಅದು, ಬೀದಿ ಗುಡಿಸುವವರು ತಮ್ಮನ್ನು ತಾವು ಕರೆದುಕೊಳ್ಳಬಹುದಾದ ಹೆಸರು. ಆದರೆ ಇನ್ನೊಂದು ಜಾತಿಯ ಹೊಸ ಹೆಸರುಗಳಿವೆ. ಕೇಳಲಿಕ್ಕೆ ಬಲು ಗೌರವ, ಕೈಗೆ ಬರುವುದು ಕಮ್ಮಿ. ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ತಿಥಿ ನೋಡದೆ ಬಂದು ಹೋಗುವವನು. ನಮ್ಮ ಕಾಲೇಜುಗಳಲ್ಲಿ ಹದಿನೈದು ವರ್ಷದಿಂದ ಇರುವ ಅತಿಥಿಗಳಿದ್ದಾರೆ, ಬೇಸಿಗೆ ರಜೆಯಲ್ಲಿ ಅವರಿಗೆ ಊಟ ಹಾಕುವವರಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ. ಪಕ್ಷದ ಕಾರ್ಯಕರ್ತರ ಹಾಗೆ ಇವರೂ ಸ್ವಂತ ಉತ್ಸಾಹದಿಂದ ಬಂದವರು ಅನ್ನುವ ಧ್ವನಿ ಆ ಪದಕ್ಕಿದೆ. ಇವರಿಗೆ ಕೊಡುವುದು ಸಂಬಳವಲ್ಲ, ಗೌರವಧನ.

ಇದು ಬರೀ ಮಾತಿನ ಜಗಳ ಅಂದುಕೊಳ್ಳಬೇಡಿ, ಸುಪ್ರೀಂ ಕೋರ್ಟಿನ ತನಕ ಹೋದ ಜಗಳ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಮೂರು ದಶಕದ ಮೇಲೆ, 2006ರಲ್ಲಿ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣದಲ್ಲಿ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಅಂತ ಹೇಳಿತು. ಮಕ್ಕಳಿಗೆ ಊಟ ಹಾಕಿ, ತೂಕ ನೋಡಿ, ಚುನಾವಣೆ ಪಟ್ಟಿ, ಸಮೀಕ್ಷೆ ಎಲ್ಲಕ್ಕೂ ಓಡಾಡಿದವರು ನೌಕರರಲ್ಲ ಎಂದಾಯಿತು. 2022ರ ಏಪ್ರಿಲಿನಲ್ಲಿ ಗುಜರಾತಿನ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟು, ಇವರಿಗೆ ಗ್ರಾಚ್ಯುಟಿ ಕೊಡಬೇಕು, ಗೌರವಧನ ಅಂತ ಕರೆದರೂ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಅದು ವೇತನವೇ ಅಂದಿತು. ಒಂದು ಪದದ ಅರ್ಥ ತಿದ್ದುವುದಕ್ಕೆ ಹದಿನಾರು ವರ್ಷ. ಆಮೇಲೂ ಬೀದಿಗಿಳಿದು ಧರಣಿ ಕೂರುವುದು ತಪ್ಪಿಲ್ಲ.

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರುತ್ತೇನೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು?

"ಹುಡುಗ ಏನು ಮಾಡ್ಕೊಂಡಿದಾನೆ?"

"ಏನಿಲ್ಲ ಬಿಡ್ರಿ, ಮನ್ಯಾಗೇ ಇದಾನೆ. ಹೊಲ ನೋಡ್ಕೊಂಡು."

ಈ 'ಏನಿಲ್ಲ' ಅನ್ನುವುದನ್ನು ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಿ. ಆ ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಕರೆಂಟು ಬಂತು ಅಂತ ಎದ್ದು ಮೋಟರು ಹಾಕಿದ್ದಾನೆ. ಭದ್ರಾ ನಾಲೆಯ ನೀರು ಕೊನೆಭಾಗಕ್ಕೆ ಬರುತ್ತೋ ಇಲ್ಲವೋ ಅಂತ ನೀರಗಂಟಿಯ ಹಿಂದೆ ಅಲೆದಿದ್ದಾನೆ. ನಾಟಿಗೆ ಆಳು ಒಪ್ಪಿಸಿದ್ದಾನೆ, ಟ್ರ್ಯಾಕ್ಟರಿನ ಕಂತು ಕಟ್ಟಿದ್ದಾನೆ, ಸೊಸೈಟಿಯಲ್ಲಿ ಗೊಬ್ಬರದ ಸಾಲಿನಲ್ಲಿ ನಿಂತಿದ್ದಾನೆ, ಅಡಿಕೆ ತೋಟಕ್ಕೆ ಔಷಧಿ ಹೊಡೆಸಿದ್ದಾನೆ. ಅವನದು 'ಏನಿಲ್ಲ'. ಅವನ ತಮ್ಮ ಬೆಂಗಳೂರಿನಲ್ಲಿ ಯಾವುದೋ ಕಂಪನಿಯ ಕಂಪ್ಯೂಟರಿನ ಮುಂದೆ ಹದಿನೆಂಟು ಸಾವಿರಕ್ಕೆ ಕೂತಿದ್ದಾನೆ, ಪಿಜಿ ಬಾಡಿಗೆಗೆ ಅಣ್ಣನೇ ದುಡ್ಡು ಹಾಕುತ್ತಾನೆ. ತಮ್ಮ 'ಕೆಲಸದಲ್ಲಿದಾನೆ'.

2020ರಲ್ಲಿ ಲಾಕ್‌ಡೌನಿನ ಕಾಲಕ್ಕೆ ಈ ತಮ್ಮಂದಿರೆಲ್ಲ ಊರಿಗೆ ಬಂದರು. ನೆಟ್‌ವರ್ಕ್ ಸಿಗುತ್ತೆ ಅಂತ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತರು. ತಿಂಗಳ ಸಂಬಳ ತಪ್ಪದೆ ಬರುತ್ತಿತ್ತು. ಆದರೂ ಓಣಿಯವರು ಅವರ ತಾಯಂದಿರನ್ನು ಮೆಲ್ಲಗೆ ಕೇಳಿದ್ದು, "ಯಾಕವ್ವಾ, ನಿನ್ನ ಮಗನ ಕೆಲಸ ಹೋಯ್ತೇನು?" ಮನೆಯಲ್ಲಿ ಇರುವವನಿಗೆ ಕೆಲಸ ಇರಲಿಕ್ಕಿಲ್ಲ ಅನ್ನುವುದು ನಮ್ಮ ಮಾತಿನ ಒಳಗೇ ಕೂತುಬಿಟ್ಟಿದೆ. ಎದ್ದು ಎಲ್ಲಿಗಾದರೂ ಹೋದರೆ ಕೆಲಸ, ಇಲ್ಲದಿದ್ದರೆ ಇಲ್ಲ.

'ಉತ್ತಮ ಕೃಷಿ, ಮಧ್ಯಮ ವ್ಯಾಪಾರ, ಕನಿಷ್ಠ ನೌಕರಿ' ಅಂತ ವೇದಿಕೆ ಮೇಲೆ ಗಾದೆ ಹೇಳುತ್ತೇವೆ. ಅದನ್ನು ನಂಬಿ ಮಗಳನ್ನು ಕೊಡುವವರು ಎಷ್ಟು ಜನ ಇದ್ದೀರಿ? 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಯುವಕರು ತಮಗೆ ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ಅದನ್ನು ನಗೆಯ ಸುದ್ದಿ ಮಾಡಿದವು. ಹೆಣ್ಣು ಕೊಡದವರನ್ನೂ ನಾನು ಬೈಯಲಾರೆ. ಬೆಲೆ ಯಾವಾಗ ಬಿದ್ದುಹೋಗುತ್ತೋ ಗೊತ್ತಿಲ್ಲದ ಬಾಳಿಗೆ ಮಗಳನ್ನು ಕಳಿಸಲು ಯಾವ ತಂದೆಗೂ ಅಂಜಿಕೆಯಿರುತ್ತೆ. ಆದರೆ ಆ ಅಂಜಿಕೆಗೂ 'ಏನಿಲ್ಲ' ಅನ್ನುವ ಮಾತಿಗೂ ಸಂಬಂಧವಿಲ್ಲ. ಆದಾಯ ಕಮ್ಮಿ ಅನ್ನಿ, ನೆಚ್ಚಿಕೆಯಿಲ್ಲ ಅನ್ನಿ. ಕೆಲಸವೇ ಇಲ್ಲ ಅನ್ನಬೇಡಿ.

ಹುಡುಗನಿಗೇ ಹೀಗಾದರೆ ಹೆಂಗಸರ ಪಾಡು ಕೇಳುವುದೇ ಬೇಡ. ಅರ್ಜಿ ತುಂಬುವಾಗ ತಾಯಿಯ ಉದ್ಯೋಗ ಅನ್ನುವ ಕಾಲಂ ಬಂದರೆ ಮಕ್ಕಳು ಗೃಹಿಣಿ ಅಂತ ಬರೆದು ಮುಗಿಸುತ್ತಾರೆ. ಆ ತಾಯಿ ನಾಟಿ ಹಚ್ಚಿದ್ದಾಳೆ, ಕಳೆ ತೆಗೆದಿದ್ದಾಳೆ, ಎರಡು ಹೊತ್ತು ಎಮ್ಮೆ ಕರೆದು ಡೈರಿಗೆ ಹಾಲು ಹಾಕಿದ್ದಾಳೆ, ಡೈರಿಯ ಪಾಸ್‌ಬುಕ್ಕಿನಲ್ಲಿ ಮಾತ್ರ ಗಂಡನ ಹೆಸರಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಒಮ್ಮೆ ಹೋಗಿ ನೋಡಿ. ಬೆಂಕಿಯ ಮುಂದೆ, ಹೊಗೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಇರುತ್ತಾರೆ. ಕೇಳಿದರೆ ಗಂಡ ಭಟ್ಟಿ ಕೆಲಸದವನು, ಹೆಂಡತಿ ಜೊತೆಗೆ ಕೈ ಹಾಕುವವಳು. ಕೈ ಹಾಕುವುದು ಅಂತೆ! ಹನ್ನೆರಡು ತಾಸು ಹಾಕಿದ ಕೈಗೆ ನಮ್ಮ ಕನ್ನಡ ಕೊಟ್ಟ ಹೆಸರು ಅಷ್ಟೇ.

ಇದು ಸರ್ಕಾರದ ಲೆಕ್ಕಕ್ಕೂ ಹೋಗುತ್ತದೆ. ಜನಗಣತಿಯಲ್ಲಿ ಪ್ರತಿಯೊಬ್ಬರನ್ನೂ ಕೆಲಸಗಾರರು, ಕೆಲಸಗಾರರಲ್ಲದವರು ಅಂತ ಎರಡು ಪಾಲು ಮಾಡುತ್ತಾರೆ. ವರ್ಷದಲ್ಲಿ ಆರು ತಿಂಗಳೋ ಹೆಚ್ಚೋ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಮ್ಮಿ ದುಡಿದವರು ಅಲ್ಪಾವಧಿಯವರು. ಆಮೇಲೆ ಸಾಗುವಳಿದಾರರು, ಕೃಷಿ ಕೂಲಿಯವರು, ಮನೆ ಕೈಗಾರಿಕೆಯವರು, ಇತರರು. ಇದರಲ್ಲಿ ಒಂದು ಸಂಗತಿ ಬಹಳ ಜನಕ್ಕೆ ತಿಳಿಯದು. ಕಳೆದ ಗಣತಿಗಳ ನಿಯಮದ ಪ್ರಕಾರ ಕೂಲಿ ಇಲ್ಲದೆ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ದುಡಿದರೂ ಅದು ಕೆಲಸವೇ. ದನ ಸಾಕಿ ಹಾಲು ಕರೆದು ಅದನ್ನು ಪೂರ್ತಿ ಮನೆಗೇ ಬಳಸಿದರೂ ಅದು ಕೆಲಸವೇ. ಅಡುಗೆ, ಮುಸುರೆ, ಕಸ, ಮಕ್ಕಳ ಪಾಲನೆ ಮಾತ್ರ ಲೆಕ್ಕಕ್ಕಿಲ್ಲ. ಅದನ್ನು ಸೇರಿಸಬೇಕೋ ಬೇಡವೋ ಅನ್ನುವ ವಾದ ಇನ್ನೊಂದು ದಿನ ಮಾಡೋಣ. ಇರುವ ನಿಯಮದಲ್ಲೇ ನಮ್ಮ ಹೆಂಗಸರು ಎಣಿಕೆಯಿಂದ ಹೊರಗೆ ಬೀಳುತ್ತಿರುವುದು ಕಾನೂನಿನಿಂದಲ್ಲ, ಜಗಲಿಯ ಮೇಲೆ ಕೂತ ಯಜಮಾನರ ಬಾಯಿಂದ. ಗಣತಿಯವರು "ಮನೆಯವರು ಏನು ಕೆಲಸ ಮಾಡ್ತಾರೆ?" ಅಂದರೆ ಇವರ ಉತ್ತರ, "ಏನಿಲ್ಲ, ಮನ್ಯಾಗೇ ಇರ್ತಾಳೆ." ಬಂದವರು ಅದನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಅವರಿಗೂ ಸಂಜೆಯೊಳಗೆ ಓಣಿ ಮುಗಿಯಬೇಕು.

2027ರ ಜನಗಣತಿಗೆ ನಿಮ್ಮ ಮನೆಗೂ ಬರುತ್ತಾರೆ. ಬರುವವರು ಬಹುಪಾಲು ನಮ್ಮ ಶಾಲೆಯ ಮೇಷ್ಟ್ರು, ಮೇಡಂಗಳೇ ಆಗಿರುತ್ತಾರೆ. ಅವರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ. ಕೆಲಸದ ಪ್ರಶ್ನೆ ಬಂದಾಗ ಗಂಡಸರು ಸ್ವಲ್ಪ ಸುಮ್ಮನಿರಿ, ಹೆಂಗಸರನ್ನು ಒಳಗಿಂದ ಕರೆಯಿರಿ, ಅವರೇ ಹೇಳಲಿ. ತಾಯಂದಿರೇ, ನಾಟಿ, ಕಳೆ, ಕೊಯ್ಲು, ದನ, ಹಾಲು, ಹೊಲಿಗೆ, ಭಟ್ಟಿ, ವರ್ಷದಲ್ಲಿ ಎಷ್ಟು ತಿಂಗಳು ಏನು ಮಾಡಿದ್ದೀರೋ ಎಲ್ಲವನ್ನೂ ಬಿಡದೆ ಹೇಳಿ. ಅವರು ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಳ್ಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.